ಬೀಗರ ಆರತಿ ಪಡೆದ ಮಿರ್ಚಿ ಗಾಡಿಗೆ

ಕಡ್ಲಿಹಿಟ್ಟಿನ ಕಂಪನಿಯ ಹೆಸರನ್ನು ಬೆನ್ನ ಮೇಲೆ ಬರೆಸಿಕೊಂಡು, ರೋಣ, ನರಗುಂದ, ಗಜೇಂದ್ರಗಡದ ರಸ್ತೆಗಳನ್ನು ಪಾವನಗೊಳಿಸುತ್ತಿರುವ ಮಿರ್ಚಿ ಭಜಿ ಆಕಾರದ ಪ್ರಚಾರ ವಾಹನದ ಸನ್ನಿಧಿಗೆ,

ಮಾನ್ಯರೇ,

ಅಸೂಟಿಯ ಕನಕರಾಜನ ನಮಸ್ಕಾರಗಳು. ತಮ್ಮ ನಾಲ್ಕೂ ಗಾಲಿಗಳಲ್ಲಿ ಗಾಳಿ ಸಮೃದ್ಧವಾಗಿದೆಯೆಂದೂ, ಮೂತಿಯ ಮೇಲಿನ ಹಸಿರು ತೊಟ್ಟು ಯಾವ ಕರೆಂಟಿನ ತಂತಿಗೂ ತಗಲದೆ ನೆಟ್ಟಗಿದೆಯೆಂದೂ ನಂಬಿದ್ದೇನೆ. ನಾನು ಮಾತ್ರ ಅಷ್ಟು ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ತಾವೇ ಕಾರಣರೆಂದು ನಾಲ್ಕು ಮಂದಿ ಓದುವಂತೆ ಬರೆಯಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ತಮ್ಮ ಜನಪ್ರಿಯತೆಯನ್ನು ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ಸುಳ್ಳೇಕೆ, ಸ್ವಲ್ಪ ಇದೆ. ಐಸ್‌ಕ್ರೀಮಿನ ಕೋನಿನಂಥ ಆಟೋ ನೋಡಿದ್ದೇವೆ, ಚಹಾದ ಕಪ್ಪು ಹೊತ್ತ ಟೆಂಪೋ ನೋಡಿದ್ದೇವೆ, ಅಮೇರಿಕಾದಲ್ಲಿ ಮಾಂಸದ ಸಾಸೇಜಿನ ಆಕಾರದ ಮೋಟಾರೊಂದು ನಮ್ಮಜ್ಜನ ಕಾಲದಿಂದ ತಿರುಗುತ್ತಿರುವುದನ್ನು ಮೊಬೈಲಿನಲ್ಲಿ ನೋಡಿದ್ದೇವೆ. ಆದರೆ ಈಗಷ್ಟೇ ಎಣ್ಣೆಯಿಂದ ಎತ್ತಿ ರಸ್ತೆಗೆ ಬಿಟ್ಟಂತೆ ಕಾಣುವ ಕಲೆ ಅವರಾರಿಗೂ ಒಲಿದಿಲ್ಲ. ತಾವು ರೋಣದ ಬಸ್ ನಿಲ್ದಾಣದಲ್ಲಿ ನಿಂತರೆ, ಬಸ್ಸು ಬರಲಿಲ್ಲವೆಂದು ಬೈಯುತ್ತಿದ್ದವರೇ ಬಂದ ಬಸ್ಸನ್ನು ಬಿಟ್ಟು ತಮ್ಮ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ನರಗುಂದದ ಬೇಕರಿಯಲ್ಲಿ ಹುಟ್ಟುಹಬ್ಬದ ಕೇಕು ತಮ್ಮ ಆಕಾರದಲ್ಲಿ ಸಿಗುತ್ತದೆ. ನಮ್ಮೂರ ಸಾಲಿಯ ವಾರ್ಷಿಕ ಗ್ಯಾದರಿಂಗಿನಲ್ಲಿ ಕಿತ್ತೂರು ಚೆನ್ನಮ್ಮನಾಗಬೇಕಿದ್ದ ಹುಡುಗಿ ಹಟ ಮಾಡಿ ತಮ್ಮ ವೇಷ ಹಾಕಿ ಪಹಿಲಾ ನಂಬರು ಹೊಡೆದಳು. ಇಷ್ಟೆಲ್ಲ ಸಿಕ್ಕ ಮೇಲೂ ನನಗೆ ಸಲ್ಲಬೇಕಾದ ಒಂದೇ ಒಂದು ಆರತಿಯ ಮೇಲೆ ತಮ್ಮ ಕಣ್ಣು ಬೀಳಬೇಕಿತ್ತೇ ಎಂಬುದೇ ನನ್ನ ಪ್ರಶ್ನೆ.

ತಮಗೆ ನೆನಪಿಲ್ಲದಿದ್ದರೆ ಹೇಳುತ್ತೇನೆ. ರೋಣದ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿಯ ಅಂಗಡಿ ಇಟ್ಟಿರುವ ಕಲ್ಲೇಶ ನನ್ನ ಅಕ್ಕ ಮಾಯವ್ವನ ಒಬ್ಬನೇ ಮಗ. ತಂದೆಯಿಲ್ಲದ ಹುಡುಗನಾದ್ದರಿಂದ ಅವನ ಮದುವೆಯಲ್ಲಿ ಹಿರಿತನ ಸೋದರಮಾವನಾದ ನನ್ನದು. ರಾಜೂರಿನ ಮಾಳಪ್ಪನವರ ಮಗಳು ಮಹೇಶ್ವರಿಯೊಂದಿಗೆ ಮದುವೆ ಗೊತ್ತಾದ ದಿನದಿಂದ ನಾನು ಕನ್ನಡಿಯ ಮುಂದೆ ತಲೆಗೆ ಪಟಗಾ ಸುತ್ತುವುದನ್ನು ರೂಢಿ ಮಾಡಿಕೊಂಡೆ. ನಮ್ಮ ಕಡೆ ಹೆಣ್ಣಿನವರು ಹಲಗಿ ಬಾರಿಸುತ್ತ ಊರ ಹೆಬ್ಬಾಗಿಲಾದ ಅಗಸಿಗೆ ಬಂದು, ಗಾಡಿಯ ಮುಂದೆ ಕೊಡದ ನೀರು ಸುರಿದು, ಆರತಿ ಬೆಳಗಿ ಎದುರುಗೊಂಡ ಮೇಲೆಯೇ ಗಂಡಿನವರು ಊರೊಳಗೆ ಕಾಲಿಡುವುದು. ಹೊಲದಲ್ಲಿ ದಿನವಿಡೀ ಎತ್ತುಗಳಿಂದಲೂ ಮರ್ಯಾದೆ ಸಿಗದ ನನ್ನಂಥವನಿಗೆ ಅದೊಂದು ಗಳಿಗೆ ಎಷ್ಟು ದೊಡ್ಡದೆಂದು ದಿನಾಲೂ ಮೆರೆಯುವ ತಮಗೆ ತಿಳಿಯುವುದು ಕಷ್ಟ.

ಮದುವೆಯ ಮುಂಜಾನೆ ನಾವು ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಗಜೇಂದ್ರಗಡ ದಾಟಿ ರಾಜೂರಿನ ದಾರಿ ಹಿಡಿದಿದ್ದಾಗ ಹಿಂದಿನಿಂದ ತಾವು ದಯಮಾಡಿಸಿದಿರಿ. ಟ್ರೇಲಿಯ ಕುಲುಕಾಟಕ್ಕೆ ಅಕ್ಕ ಮೊಣಕಾಲು ಹಿಡಿದುಕೊಂಡು ನರಳುತ್ತಿದ್ದುದನ್ನು ಕಂಡ ತಮ್ಮ ಚಾಲಕ ಅಲ್ತಾಫ, ಗಾಡಿ ನಿಲ್ಲಿಸಿ, "ಅಮ್ಮಾ, ನಾನೂ ರಾಜೂರಿಗೇ ಹೊಂಟೀನ್ರಿ, ಮುಂದ ಕುಂಡ್ರ ಬರ್ರಿ, ಸೀಟ ಮೆತ್ತಗೈತಿ" ಎಂದ. ಬಂಗಾರದಂಥ ಮನುಷ್ಯ, ಅವನ ಮೇಲೆ ನನ್ನ ದೂರಿಲ್ಲ. ಅಕ್ಕನನ್ನು ಹತ್ತಿಸಿಕೊಂಡ ತಾವು ನಮ್ಮ ಹಿಂದೆ ಬರಬಹುದಿತ್ತು. ಬೀಗರ ಟ್ರ್ಯಾಕ್ಟರನ್ನು ಹಿಂದೆ ಹಾಕಿ ಧೂಳೆಬ್ಬಿಸಿಕೊಂಡು ಹೋಗಿಯೇಬಿಟ್ಟಿರಿ.

ಮುಂದಾದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ, ಆದರೆ ರಾಜೂರಿನವರೆಲ್ಲ ಕಂಡಿದ್ದಾರೆ. ಅಗಸಿಯಲ್ಲಿ ಕಾಯುತ್ತಿದ್ದವರಿಗೆ ದೂರದಿಂದ ಕಂಡದ್ದು ಎಂದಿನಂತೆ ಚೆಂಡುಹೂವಿನ ಮಾಲೆ ಹಾಕಿಕೊಂಡು, ಪ್ರಚಾರದ ಹಾಡು ಹಚ್ಚಿಕೊಂಡು ಬರುತ್ತಿರುವ ಒಂದು ಭಾರಿ ಮಿರ್ಚಿ. ಅಳಿಯನಾಗುವವನು ಮಿರ್ಚಿ ಅಂಗಡಿಯವನೆಂಬುದು ಅವರಿಗೆ ಗೊತ್ತು. "ನೋಡ್ರೆ, ಅಳಿಯಂದ್ರು ತಮ್ಮ ಕಸಬಿಗೆ ತಕ್ಕಂಗ ಗಾಡಿ ಮಾಡಸ್ಯಾರ!" ಎಂದು ಯಾರೋ ಒಬ್ಬಾಕೆ ಅಂದದ್ದೇ ತಡ, ಹಲಗಿ ಶುರುವಾಯಿತು, ನೀರು ಬಿತ್ತು, ಅಕ್ಷತೆ ಹಾರಿತು, ತಮ್ಮ ಉಬ್ಬಿದ ಮೂತಿಗೆ ಕುಂಕುಮ ಹತ್ತಿತು. ಹಲಗಿಯ ಸದ್ದಿನಲ್ಲಿ ಅಲ್ತಾಫ ಕಿರುಚಿ ಹೇಳಿದ್ದು ಯಾರಿಗೂ ಕೇಳಲಿಲ್ಲ, ಮತ್ತು ತಮ್ಮನ್ನು ಮೆರವಣಿಗೆಯಲ್ಲಿ ಮಾಳಪ್ಪನವರ ಹಂದರದ ತನಕ ಕರೆದೊಯ್ದರು.

ನಾವು ಅಗಸಿ ಮುಟ್ಟಿದಾಗ ಅಲ್ಲಿದ್ದದ್ದು ಒದ್ದೆ ನೆಲ ಮತ್ತು ಅಕ್ಷತೆಯ ಕಾಳು ಹೆಕ್ಕುತ್ತಿದ್ದ ಒಂದು ಕೋಳಿ. ನನ್ನ ಪಿತ್ತ ನೆತ್ತಿಗೇರಿತು. ಸುದ್ದಿ ತಿಳಿದು ಓಡಿಬಂದ ಮಾಳಪ್ಪನವರು, "ತಪ್ಪಾತ್ರಿ ಬೀಗ್ರ, ಕೈ ಮುಗೀತೀನಿ, ಇನ್ನೊಂದು ಆರತಿ ಲಗೂನ ತರಸ್ತೀನ್ರಿ" ಎಂದರು. "ಭಜಿಗಿ ಮಾಡಿ ಉಳದಿದ್ದು ನಮಗ ಬ್ಯಾಡ್ರಿ! ಟ್ರ್ಯಾಕ್ಟರ್ ತಿರುವ್ರೋ, ಊರಿಗೆ ಹೋಗೂಣು!" ಎಂದು ನಾನು ಕೂಗಿದೆ. ಕಲ್ಲೇಶ ಬಾಸಿಂಗ ಕಟ್ಟಿಕೊಂಡ ಮುಖದಲ್ಲೇ, "ಮಾವಾ, ಭಜಿ ಮ್ಯಾಲ ಸಿಟ್ಟ ಮಾಡಿ ನನ್ನ ಲಗ್ನ ಮುರೀಬ್ಯಾಡೋ" ಎಂದು ಅಂಗಲಾಚಿದ. ನಾನು ಕರಗಲಿಲ್ಲ, ಪಟಗಾ ಸುತ್ತಿಕೊಂಡವನು ಅಷ್ಟು ಸುಲಭಕ್ಕೆ ಕರಗುವುದೂ ಇಲ್ಲ.

ಆದರೆ ತಿರುಗಿ ಹೊರಡಬೇಕಾದರೆ ಅಕ್ಕ ತಮ್ಮ ಹೊಟ್ಟೆಯಲ್ಲಿದ್ದಳಲ್ಲ. ಕರೆದುಕೊಂಡು ಬರೋಣವೆಂದು ಹಲ್ಲು ಕಡಿಯುತ್ತ ಹಂದರದ ಹತ್ತಿರ ಬಂದು ತಮ್ಮ ಬಾಗಿಲು ತೆಗೆದೆ. ಅಕ್ಕನ ಸೆರಗಿನ ತುಂಬ ಅಕ್ಷತೆ, ಮಡಿಲ ತುಂಬ ಮಲ್ಲಿಗೆ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ತಮ್ಮಾ, ಅವರಿಗೆ ಗೊತ್ತಿಲ್ಲೋ, ನನಗೂ ಆರತಿ ಬೆಳಗಿಬಿಟ್ರು. ಬ್ಯಾಡ ಅನ್ನಾಕ ಬಾಯೇ ಬರಲಿಲ್ಲ ನೋಡು" ಎಂದಳು. ಗಂಡ ತೀರಿಕೊಂಡ ಮೇಲೆ ಅಕ್ಕನನ್ನು ಯಾರೂ ಆರತಿಯ ಸಮೀಪ ಬಿಟ್ಟಿಲ್ಲ, ಮಾನ್ಯರೇ. ಎಷ್ಟೋ ಮದುವೆಗಳಲ್ಲಿ ಅವಳು ಒಲೆಯ ಮುಂದೆ ಬೆವರಿ, ಅಕ್ಷತೆಯ ಹೊತ್ತಿಗೆ ಕಂಬದ ಮರೆಗೆ ಸರಿದವಳು. ಅವಳು ಅಷ್ಟು ಬಾಯ್ತುಂಬ ನಕ್ಕದ್ದನ್ನು ಕಂಡು ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಕಾಣೆ. ಟ್ರ್ಯಾಕ್ಟರ್ ತಿರುಗಿಸುವುದು ಬೇಡವೆಂದು ನಾನೇ ಹೋಗಿ ಹೇಳಿದೆ, ಮತ್ತು ಮದುವೆ ಹೊತ್ತಿಗೆ ಸರಿಯಾಗಿ ಆಯಿತು.

ಹಾಗೆಂದು ತಮ್ಮನ್ನು ಸುಮ್ಮನೆ ಬಿಡುವವನು ನಾನಲ್ಲ. ಪಡೆದ ಆರತಿಯಲ್ಲಿ ಅರ್ಧವನ್ನಾದರೂ ನನಗೆ ಮರಳಿಸಬೇಕು. ಮದುವೆಯ ಸೀಜನ್ನಿನಲ್ಲಿ ಯಾವುದೇ ಊರ ಅಗಸಿ ಸಮೀಪಿಸುವಾಗ ತಾವು ಕುಗ್ಗಿ ಒಂದು ಒಣ ಮೆಣಸಿನಕಾಯಿಯಷ್ಟಾಗಬೇಕು, ಅದು ಆಗದಿದ್ದರೆ ಉಳ್ಳಾಗಡ್ಡಿಯ ಮೂಟೆಯ ವೇಷವನ್ನಾದರೂ ಹಾಕಿಕೊಳ್ಳಬೇಕು. ಮದುವೆಯ ವಿಡಿಯೋದಲ್ಲಿ ಹಾರ ಹಾಕುವಾಗಲೂ ಊಟದಲ್ಲೂ ತಾವೇ ತುಂಬಿಕೊಂಡಿರುವುದರಿಂದ, ನನ್ನ ಪಟಗಾ ಕಾಣುವಷ್ಟು ಜಾಗದಲ್ಲಿ ತಮ್ಮ ಹಿಂಭಾಗವನ್ನು ಅಳಿಸಿಕೊಡಬೇಕು.

ಇನ್ನು ನಮ್ಮೂರ ಹಿರಿಯರದೂ ತಮ್ಮ ಮೇಲೊಂದು ದೂರಿದೆ. ಮರುದಿನ ಅಸೂಟಿಯಲ್ಲಿ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಅಕ್ಕ ಎಂದಿನಂತೆ ಅಡುಗೆಮನೆ ಸೇರಿದಳು, ಆರತಿಯ ತಟ್ಟೆ ಹಿಡಿದು ಬೇರೆ ಹೆಣ್ಣುಮಕ್ಕಳು ಬಾಗಿಲಿಗೆ ಬಂದರು. ಮಹೇಶ್ವರಿ ಹೊಸ್ತಿಲಾಚೆಯೇ ನಿಂತು, "ಅತ್ತಿಯವ್ರು ಆರತಿ ಬೆಳಗಿದ್ರನ ನಾ ಒಳಗ ಬರಾಕಿ" ಎಂದಳು. ಶಾಸ್ತ್ರ ಬಲ್ಲವರು ಗುಸುಗುಸು ಮಾಡಿದರು, ಅದೆಲ್ಲ ನಡೆಯುವುದಿಲ್ಲ ಎಂದರು. "ನಮ್ಮೂರಾಗ ಭಜಿಗಿ ಮಾಡಿದ್ದು ನಡೀತಲ್ರಿ. ಹಡದ ತಾಯಿ ಕೈಯಾಗಿನ ಆರತಿ ಯಾಕ ನಡಿಯಂಗಿಲ್ಲ?" ಎಂದು ಹುಡುಗಿ ಕೇಳಿದಳು. ಅಕ್ಕ ಕೈ ಒರೆಸಿಕೊಂಡು ಬಂದು ಆರತಿ ಬೆಳಗಿದಳು. ಇದಕ್ಕೆಲ್ಲ ತಾವೇ ಹೊಣೆಯೆಂದು ಹಿರಿಯರು ಒಂದು ಅರ್ಜಿ ಬರೆದು ನನ್ನ ಸಹಿ ಕೇಳಿದ್ದಾರೆ. ನಾನು ಹಾಕುವುದಿಲ್ಲವೆಂದು ಹೇಳಿ ಕಳಿಸಿದ್ದೇನೆ.

ಇಂತಿ, ಸಿಟ್ಟು ಇನ್ನೂ ಸ್ವಲ್ಪ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಕನಕರಾಜ, ಅಸೂಟಿ

ತಾ.ಕ.: ಋಣ ಇಟ್ಟುಕೊಳ್ಳಬಾರದೆಂದು ತಮ್ಮ ಕಂಪನಿಯ ಕಡ್ಲಿಹಿಟ್ಟು ತಂದು ಕಲ್ಲೇಶ ಒಂದು ಬಾಂಡಲಿ ಮಿರ್ಚಿ ಕರಿದ. ಹಿಟ್ಟು ಎಣ್ಣೆಯಲ್ಲಿ ಬಿಟ್ಟುಹೋಗಿ ಮೆಣಸಿನಕಾಯಿಗಳು ಬರಿಮೈಯಲ್ಲಿ ಮೇಲೆದ್ದವು. ತಮ್ಮ ಮೈಗೆ ಹಿಟ್ಟಿನ ಬದಲು ಫೈಬರ್ ಹಾಕಿಸಿದ ಕಂಪನಿಯವರ ಮುಂದಾಲೋಚನೆ ಆಗ ನನಗೆ ಅರ್ಥವಾಯಿತು.