ನಮ್ಮ ಗಲ್ಲಿಯ ಉದ್ಧಾರವಾದ ಬಗೆ

ಸರಕಾರವನ್ನು ಅದರ ಪಾಡಿಗೆ ಬಿಟ್ಟರೆ ಅದು ಏನೂ ಮಾಡುವುದಿಲ್ಲ. ಜನರನ್ನು ಅವರ ಪಾಡಿಗೆ ಬಿಟ್ಟರೆ ಅವರೂ ಏನೂ ಮಾಡುವುದಿಲ್ಲ. ಇಬ್ಬರೂ ಕೈಜೋಡಿಸಿದರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ, ಆದದ್ದನ್ನು ನೋಡಿ ಹಣೆ ಬಡಿದುಕೊಳ್ಳುವ ಕೆಲಸ ನನ್ನಂಥವರ ಪಾಲಿಗೆ ಬರುತ್ತದೆ.

ನಾನು ಆಗ ಪುಣೆ ಕ್ಯಾಂಪಿನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ಮನೆ ಇದ್ದದ್ದು ಹಳೆಯ ಪೇಟೆಯ ಒಂದು ಗಲ್ಲಿಯಲ್ಲಿ. ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಗಲ್ಲಿಗೆಲ್ಲ ಸೇರಿ ಒಂದೇ ಸಂಡಾಸು. ಅದರ ಹೆಂಗಸರ ಬದಿಗೆ ಬಾಗಿಲಿರಲಿಲ್ಲ, ಒಳಗಿನ ನಳಕ್ಕೆ ನೀರಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹಳೆಯ ಸೀರೆ ಅಡ್ಡ ಹಿಡಿದು ನಿಲ್ಲಬೇಕು. ಕಾಲು ಗಟ್ಟಿ ಇದ್ದವರು ದೊಡ್ಡ ರಸ್ತೆ ದಾಟಿ ಆಚೆಯ ಪೇಟೆಯ ಸಂಡಾಸಿಗೆ ಹೋಗುತ್ತಿದ್ದರು.

ರೊಟ್ಟಿ ಆಯಿಗೆ ಅದೂ ಆಗುತ್ತಿರಲಿಲ್ಲ. ಇಂಡಿ ಕಡೆಯ ಮುದುಕಿ, ಒಂಟಿ ಜೀವ, ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಮೊಣಕಾಲು ಹೋಗಿದ್ದವು. ಹೊರಗೆ ಹೋಗುವ ತಾಪತ್ರಯವೇ ಬೇಡವೆಂದು ದಿನವಿಡೀ ಒಲೆಯ ಮುಂದೆ ಬೆವರು ಸುರಿಸುತ್ತಿದ್ದರೂ ನೀರು ಮುಟ್ಟುತ್ತಿರಲಿಲ್ಲ. ಉರಿಮೂತ್ರ ಶುರುವಾಯಿತು. ತಂಬಿಗೆಗಟ್ಟಲೆ ನೀರು ಕುಡಿಯಬೇಕು ಎಂದು ಡಾಕ್ಟರು ಹೇಳಿದಾಗ, ಕುಡಿದದ್ದನ್ನು ಎಲ್ಲಿ ಇಳಿಸಲಿ ಎಂದು ಅವರನ್ನೇ ಕೇಳಿ ಬಂದಿದ್ದಳು. ಆಕೆಯ ನೆನಪಾದರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟು, ನಗು ಆಮೇಲೆ.

ಬೆಂಚು

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ವಾರ್ಡ್ ಕಚೇರಿಯವರಿಗೆ ನಮ್ಮ ಗಲ್ಲಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಜನರೂ ಆಡಳಿತವೂ ಕೂಡಿ ಗಲ್ಲಿಯನ್ನು ಉದ್ಧಾರ ಮಾಡಬೇಕೆಂದು ಒಂದು ಸಮಿತಿ ಆಯಿತು. ಮೂಲೆಯ ಹೋಟೆಲಿನ ಮಾಲೀಕರು, ಉಡುಪಿ ಕಡೆಯವರು, ಅದರ ಅಧ್ಯಕ್ಷರಾದರು. ಸಭೆಗೆ ಚಹಾ ಅವರಲ್ಲಿಂದಲೇ ಬರುತ್ತಿದ್ದುದರಿಂದ ಬೇರೆ ಅರ್ಹತೆಯನ್ನು ಯಾರೂ ಕೇಳಲಿಲ್ಲ.

ಕಚೇರಿಯ ಸಾಹೇಬರು ಒಂದು ನಮೂನೆ ಹಿಡಿದು ಬಂದು, ನಿಮಗೆ ಬೇಕಾದ್ದನ್ನು ನೀವೇ ಹೇಳಿ ಎಂದು ಮರಾಠಿಯಲ್ಲಿ ಬಲು ಪ್ರೀತಿಯಿಂದ ಕೇಳಿದರು. ಸಂಡಾಸಿಗೆ ಬಾಗಿಲು ಮತ್ತು ನೀರು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದೆವು. ಸಾಹೇಬರು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿದರು. ಅದರಲ್ಲಿ ಇದ್ದದ್ದು ಬೆಂಚು, ಹೂಕುಂಡ, ಗೋಡೆಗೆ ಚಿತ್ರ. ಬಾಗಿಲು ಒಂದು ಖಾತೆಗೆ ಸೇರಿದ್ದಂತೆ, ನೀರು ಇನ್ನೊಂದಕ್ಕಂತೆ, ಉದ್ಧಾರ ಮಾತ್ರ ಇವರದಂತೆ. ಬಂದದ್ದನ್ನು ಬಿಡುವುದೇಕೆ ಎಂದು ಅಧ್ಯಕ್ಷರು ಬೆಂಚಿಗೆ ಗುರುತು ಹಾಕಿಸಿದರು.

ಬೆಂಚು ಬಂತು. ಗಲ್ಲಿಯಲ್ಲಿ ಖಾಲಿ ಜಾಗ ಇದ್ದದ್ದು ಒಂದೇ ಕಡೆ, ಹೆಂಗಸರ ಸಂಡಾಸಿನ ಎದುರಿಗೆ. ಮರುದಿನದಿಂದ ಗಂಡಸರು ಬೆಳಗಾದರೆ ಪೇಪರು ಹಿಡಿದು ಅಲ್ಲಿ ಕೂರತೊಡಗಿದರು. ಸೀರೆಯ ಮರೆಯಲ್ಲಿ ನಡೆಯುತ್ತಿದ್ದದ್ದೂ ನಿಂತುಹೋಯಿತು. ತಿಂಗಳು ಬಿಟ್ಟು ಪರಿಶೀಲನೆಗೆ ಬಂದ ಸಾಹೇಬರು ಬೆಂಚಿನ ಬಳಕೆ ಅತ್ಯುತ್ತಮವಾಗಿದೆ ಎಂದು ಬರೆದುಕೊಂಡು ಹೋದರು.

ಜಲಪಾತ

ಎರಡನೆಯ ಉದ್ಧಾರ ಗೋಡೆಯ ಚಿತ್ರ. ಚಿತ್ರಗಾರ ಒಳ್ಳೆಯ ಕೆಲಸಗಾರ, ಅವನದೇನೂ ತಪ್ಪಿಲ್ಲ. ಗಲ್ಲಿ ಬಹಳ ಒಣಒಣವಾಗಿದೆ ಎಂದು ಸಂಡಾಸಿನ ಹೊರಗೋಡೆಯ ತುಂಬ ಧೋ ಎಂದು ಸುರಿಯುವ ಜಲಪಾತ ಬರೆದ. ಬುಡದಲ್ಲಿ ಎರಡು ನವಿಲು, ನೀರಿಗೆ ಬಾಯಿ ಹಚ್ಚಿದ ಒಂದು ಜಿಂಕೆ.

ರಾಂಜಣಗಾಂವದ ಕಾರಖಾನೆಯಿಂದ ಪಾಳಿ ಮುಗಿಸಿ ಬಂದ ನಮ್ಮ ಪಕ್ಕದ ಮನೆಯಾತ ನೇರವಾಗಿ ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ, ನಳದಲ್ಲಿ ಒಂದು ಹನಿಯೂ ಇಲ್ಲವೆಂದು ಒಳಗಿನಿಂದಲೇ ಕೂಗಿಕೊಂಡ. ರೊಟ್ಟಿ ಆಯಿ ತನ್ನ ಹೊಸ್ತಿಲಲ್ಲಿ ಕೂತಲ್ಲಿಂದಲೇ ಉತ್ತರ ಕೊಟ್ಟಳು: “ನೀರೆಲ್ಲಾ ಹೊರಗಿನ ಗ್ವಾಡಿಗೆ ಬಿಟ್ಟಾರಪಾ.”

ಹೆಂಗಸರ ಸಭೆ

ಸಮಿತಿಯಲ್ಲಿ ಹೆಂಗಸರ ಮಾತಿಗೆ ಬೆಲೆ ಇರಬೇಕೆಂದು ಮೇಲಿನಿಂದ ಕಾಗದ ಬಂತು. ಬೆಳಿಗ್ಗೆ ಎಂಟಕ್ಕೆ ಅವರದೇ ಸಭೆ ಇಟ್ಟರು. ನಾವು ಗಂಡಸರೆಲ್ಲ ಸಮಯಕ್ಕೆ ಸರಿಯಾಗಿ ಹಾಜರು. ಹೆಂಗಸರು ಒಬ್ಬರೂ ಇಲ್ಲ. ಎಲ್ಲಿ ಎಂದು ಸಾಹೇಬರು ಕೇಳಿದಾಗ, ದೊಡ್ಡ ರಸ್ತೆಯಾಚೆ ಸಂಡಾಸಿನ ಮುಂದೆ ಸಾಲಾಗಿ ಪಾಳಿ ಹಚ್ಚಿ ನಿಂತಿದ್ದಾರೆ, ಬರುವುದು ಒಂಬತ್ತಾಗುತ್ತದೆ ಎಂದೆ. ಅಷ್ಟು ಹೊತ್ತು ಕಾಯಲು ಅವರಿಗೆ ಪುರುಸೊತ್ತಿರಲಿಲ್ಲ. ಸ್ಥಳೀಯ ಮಹಿಳೆಯರಿಗೆ ನಾಗರಿಕ ಸಮಸ್ಯೆಗಳಲ್ಲಿ ಆಸಕ್ತಿ ಕಡಿಮೆ ಎಂದು ನಡಾವಳಿಯಲ್ಲಿ ಬರೆಸಿದರು. ಬರೆದವನು ನಾನೇ. ನಾಚಿಕೆ ಆಯಿತು, ಆದರೂ ಅಕ್ಷರ ದುಂಡಗಿವೆ ಎಂದು ಹೊಗಳಿಸಿಕೊಂಡೆ.

ಬಾಗಿಲು

ಕೊನೆಗೆ ಜನರೇ ಬಾಗಿಲು ತಂದರೆ ಸಾಹೇಬರು ಉದ್ಘಾಟನೆಗೆ ಬರುವುದೆಂದು ತೀರ್ಮಾನವಾಯಿತು. ಇದಕ್ಕೆ ಸರಕಾರಿ ಮರಾಠಿಯಲ್ಲಿ ಲೋಕಸಹಭಾಗ ಎಂದು ಹೆಸರು. ಆಗ ಪೇಟೆಯ ಹಳೆಯ ದೊಡ್ಡಮನೆಗಳಾದ ವಾಡೆಗಳನ್ನು ಕೆಡವಿ ಫ್ಲ್ಯಾಟು ಕಟ್ಟುವ ಭರಾಟೆ ನಡೆದಿತ್ತು. ಹಾಗೆ ಕೆಡವಿದ ವಾಡೆಯೊಂದರಿಂದ ಅಧ್ಯಕ್ಷರು ಚೌಕಟ್ಟು ಸಮೇತ ಸಾಗವಾನಿ ಬಾಗಿಲೊಂದನ್ನು ಹೊರಿಸಿಕೊಂಡು ಬಂದರು. ಮೈತುಂಬ ಪದರು ಪದರಾಗಿ ಹಸಿರು ಎಣ್ಣೆಬಣ್ಣ. ಬಡಗಿ ಅದನ್ನು ಹೆಂಗಸರ ಬದಿಗೆ ಕೂರಿಸಿದ. ಅವತ್ತು ಆಯಿ ಮನೆಯಿಂದ ತಂಬಿಗೆ ಒಯ್ದು, ಚಿಲಕ ಹಾಕಿ, ನಿಶ್ಚಿಂತೆಯಿಂದ ಹೊರಬಂದಳು. ಆಮೇಲೆ ಒಲೆಯ ಮುಂದೆ ಕೂತು ಒಂದು ಚರಿಗೆ ಮಜ್ಜಿಗೆ ಪೂರ್ತಿ ಕುಡಿದಳು. ಅದನ್ನು ನೋಡಿ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

ಆ ಸುಖ ಎರಡೇ ದಿನ. ಉದ್ಘಾಟನೆಗೆ ಹೊಳಪಿರಲೆಂದು ಅಧ್ಯಕ್ಷರು ಹಳೆಯ ಬಣ್ಣ ಕೆರೆಸಿದರು. ಚೌಕಟ್ಟಿನ ಮೇಲ್ಪಟ್ಟಿಯಲ್ಲಿ ಮೊದಲು ಒಂದು ಸೊಂಡಿಲು ಕಂಡಿತು, ಆಮೇಲೆ ಹೊಟ್ಟೆ, ಆಮೇಲೆ ಕೈಯಲ್ಲಿ ಮೋದಕ. ವಾಡೆಯ ತಲೆಬಾಗಿಲಿಗೆ ಗಣಪತಿ ಕೆತ್ತಿಸುವುದು ಪೇಟೆಯ ಹಳೆಯ ಪದ್ಧತಿ. ತಂದದ್ದು ತಲೆಬಾಗಿಲೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಸಂಜೆಯೊಳಗೆ ಕುಂಕುಮ ಬಿತ್ತು, ಗರಿಕೆ ಬಂತು, ಹೊಸ್ತಿಲಾಚೆ ಚಪ್ಪಲಿಗಳ ಸಾಲು. ಎರಡು ದಿನ ಒಳಗೆ ಹೋಗಿ ಬಂದಿದ್ದ ಹೆಂಗಸರೆಲ್ಲ ಕಿವಿ ಹಿಡಿದು ತಪ್ಪಾಯಿತೆಂದರು. ಇನ್ನು ಒಳಗೆ ಕಾಲಿಡುವವರು ಯಾರು? ಆಯಿಯೂ ಒಂದು ದಾಸವಾಳ ಏರಿಸಿ, ಮತ್ತೆ ನೀರು ಕುಡಿಯುವುದನ್ನು ಬಿಟ್ಟಳು.

ಸಾಹೇಬರು ಬಂದರು. ಎರಡು ವರ್ಷದಿಂದ ಆ ಕಟ್ಟಡ ನೋಡುತ್ತಿದ್ದವರು, ಅದೇನೆಂದು ಚೆನ್ನಾಗಿ ಗೊತ್ತಿದ್ದವರು. ಬೂಟು ಕಳಚಿ ಕೈಮುಗಿದರು. ಕಾಲು ತೊಳೆಯಲು ನೀರೆಲ್ಲಿ ಎಂದು ಕೇಳಿದರು. “ಒಳಗೆ ನಳ ಉಂಟು ಸಾಹೇಬ್ರೇ, ನೀರೊಂದು ಇಲ್ಲ” ಎಂದು ಅಧ್ಯಕ್ಷರು ಕನ್ನಡದಲ್ಲಿ ಆರಂಭಿಸಿ ಮರಾಠಿಯಲ್ಲಿ ಮುಗಿಸಿದರು. ದೇವರನ್ನು ನೀರಿಲ್ಲದೆ ಇಡುವುದೇ ಎಂದು ಸಾಹೇಬರು ಕೆಂಡವಾದರು. ನೀರು ಯಾವ ಖಾತೆಗೆ ಸೇರಿದ್ದು ಎಂದು ಆ ದಿನ ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ನಳ ಬುಸುಗುಟ್ಟಿ ಸುರಿಯತೊಡಗಿತು. ಪುರಾತನ ದೇವಸ್ಥಾನದ ಜೀರ್ಣೋದ್ಧಾರವಾಯಿತೆಂದು ವರದಿಯೂ ಹೋಯಿತಂತೆ.

ಆ ಭಾನುವಾರ ಪೂಜೆ ಯಾರದು, ಆರತಿ ಎಷ್ಟು ಹೊತ್ತಿಗೆ ಎಂದು ಸಮಿತಿಯಲ್ಲಿ ಜಗಳ ನಡೆದಿತ್ತು. ಅಷ್ಟರಲ್ಲಿ ಆಯಿ ಕೋಲೂರಿಕೊಂಡು ಬಂದಳು. ಜೊತೆಗೆ ಅದೇ ಬಡಗಿ, ಹಿಂದೆ ಗಲ್ಲಿಯ ಹೆಂಗಸರೆಲ್ಲ, ಕೈಯಲ್ಲಿ ತಂಬಿಗೆ. ಮೇಲ್ಪಟ್ಟಿ ಬಿಚ್ಚು ಎಂದು ಬಡಗಿಗೆ ಹೇಳಿ, ಅಧ್ಯಕ್ಷರ ಕಡೆ ತಿರುಗಿದಳು.

“ದೇವರನ್ನ ನಿಮ್ಮ ಹೋಟೆಲ್ದಾಗ ಇಟ್ಕೋರಿ. ಇಲ್ಲಿಗಿಂತ ಛಲೋ ವಾಸನಿ ಬರ್ತದ.”

ಅಧ್ಯಕ್ಷರು ಬೇಡವೆನ್ನಲಿಲ್ಲ, ದೇವರು ಒಳಗೆ ಬಂದರೆ ಗಿರಾಕಿಯೂ ಬರುತ್ತಾರೆ. ಆದರೆ ಬಡಗಿ ಉಳಿ ಕೆಳಗಿಟ್ಟ. ಕೂತ ದೇವರನ್ನು ಅಪ್ಪಣೆ ಕೇಳದೆ ಅಲುಗಿಸಬಾರದು, ಯಾರಾದರೂ ಕೇಳಿ ಎಂದು ಅವನು ಹಿಂದೆ ಸರಿದ. ಆಯಿ ಕೋಲನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಜೋಡಿಸಿ, ತಲೆಯೆತ್ತಿ ಹೇಳಿದಳು:

“ಗಣಪ್ಪಾ, ನಾವು ಹೊಯ್ಕೊಂಡರ ಯಾರೂ ಕೇಳಲಿಲ್ಲ, ನೀ ಸುಮ್ನ ಕುಂತಿ, ನೀರು ಬಂತು. ಭಾಳ ಉಪಕಾರ ಆತು. ಇನ್ನ ಲಗೂನ ಏಳಪಾ, ನಿನ್ನ ಹಿಂದ ಪಾಳಿ ಅದ.”