ಮಾವನ ಹೋಟೆಲಿಗೊಬ್ಬಳು ಬ್ಯಾರಿಸ್ಟರ್

ಕಾನೂನು ಓದಿದವರು ಮದುವೆಮನೆಯ ಊಟದ ಪಂಕ್ತಿಯಲ್ಲಿ ಆ ಸಂಗತಿಯನ್ನು ಬಾಯಿಬಿಡಬಾರದು. ಬಿಟ್ಟರೆ, ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಎಡಗಡೆಯವರ ಕಾಂಪೌಂಡ್ ಗೋಡೆಯೂ ಬಲಗಡೆಯವರ ಅಣ್ಣತಮ್ಮಂದಿರ ಪಾಲುಪಟ್ಟಿಯೂ ನಿಮ್ಮ ಎಲೆಗೆ ಬಂದು ಬೀಳುತ್ತವೆ. "ಕೆಲಸವೇನಿಲ್ಲ, ಮನೆಯಲ್ಲೇ ಇದ್ದೇನೆ" ಎಂದು ಸುಳ್ಳು ಹೇಳಿ ನಾನು ನೆಮ್ಮದಿಯಾಗಿ ಉಂಡದ್ದು ಎಷ್ಟೋ ಸಲ. ಆದರೆ ಗೋಡೆಗೂ ಪಾಲಿಗೂ ಹೆದರಿ ಮಾತ್ರ ಹಾಗೆ ಹೇಳುವುದಲ್ಲ. ಯಾರಾದರೂ "ಇವರು ಲಂಡನ್ನಿನಲ್ಲಿ ಓದಿದವರಂತೆ" ಎಂದು ಕಣ್ಣರಳಿಸಿದರೆ ನನಗೆ ವಾಸು ಮಾವನ ಮುಖ ನೆನಪಾಗುತ್ತದೆ. ಆಮೇಲೆ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿಬಿಡುತ್ತೇನೆ.

ವಾಸು ಮಾವ ಎಂದರೆ ಅಮ್ಮನ ಅಣ್ಣ. ಉಡುಪಿಯ ಕಡೆಯಿಂದ ಬಂದು ಮದರಾಸಿನ ನುಂಗಂಬಾಕ್ಕದಲ್ಲಿ ಹೋಟೆಲು ನಡೆಸುತ್ತಿದ್ದರು. ನನ್ನ ಅಪ್ಪ ಬೇಗ ತೀರಿಕೊಂಡದ್ದರಿಂದ ಅಮ್ಮ ಒಂದು ಬೆಟ್ಟದೂರಿನ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಹಾಸ್ಟೆಲ್ ಮೇಟ್ರನ್ ಆಗಿ ಸೇರಿದ್ದಳು. ಎಪ್ಪತ್ತರ ದಶಕದ ಆ ಶಾಲೆಯಲ್ಲಿ ಪಾದ್ರಿಗಳ ಮಕ್ಕಳು, ರಾಯಭಾರಿಗಳ ಮಕ್ಕಳು ಓದುತ್ತಿದ್ದರು. ಕೆಲಸದವರ ಮಕ್ಕಳಿಗೆ ಫೀಸು ಇರಲಿಲ್ಲವಾದ್ದರಿಂದ ನಾನೂ ಅಲ್ಲೇ ಓದಿದೆ. ವಾರಿಜಾ ಎಂಬ ನನ್ನ ಹೆಸರು ಮೊದಲ ವಾರದಲ್ಲೇ 'ವ್ಯಾರಿ' ಆಯಿತು. ಇಂಗ್ಲಿಷನ್ನು ಮೂಗಿನಿಂದ ಮಾತಾಡಲು ಕಲಿತೆ. ತಮಿಳು ಅಡುಗೆಮನೆಯಲ್ಲಿ ಸಿಕ್ಕಿತು. ಕನ್ನಡ ಸಿಗುತ್ತಿದ್ದದ್ದು ಅಮ್ಮ ಬೈಯುವಾಗ ಮಾತ್ರ. ಆದ್ದರಿಂದ ನನ್ನ ಕನ್ನಡದಲ್ಲಿ ಇವತ್ತಿಗೂ ಸ್ವಲ್ಪ ಖಾರ ಹೆಚ್ಚು.

ಶಾಲೆ ಮುಗಿದಾಗ ಕಾಲೇಜಿಗೆಂದು ಮದರಾಸಿಗೆ ಇಳಿದೆವು. ಬಂಗಾರದ ಅಂಚಿನ ನನ್ನ ಡಿಪ್ಲೊಮಾವನ್ನು ಕಾಲೇಜಿನ ಗುಮಾಸ್ತರು ಹಿಂದೆಮುಂದೆ ತಿರುಗಿಸಿ ನೋಡಿ, "ಎನ್ನಮ್ಮಾ ಇದು, ಕಲ್ಯಾಣ ಪತ್ರಿಕೆ ಮಾದಿರಿ ಇರುಕ್ಕು?" ಎಂದರು. ಪಿಯುಸಿಗೆ ಇದು ಸಮವಲ್ಲ, ಸೀಟು ಕೊಡಲು ಬರುವುದಿಲ್ಲ ಎಂದು ಮದುವೆ ಪತ್ರಿಕೆಯಷ್ಟೇ ಮರ್ಯಾದೆಯಿಂದ ಅದನ್ನು ವಾಪಸು ಕೊಟ್ಟರು. ಇನ್ನೆರಡು ಕಾಲೇಜುಗಳಲ್ಲೂ ಅದೇ ಕತೆ. ಕೊನೆಗೆ ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ಸೇ ಲಂಡನ್ನಿಗೆ ಬರೆದು, ಅಲ್ಲೊಂದು ಸೀಟನ್ನೂ ಸ್ಕಾಲರ್‌ಶಿಪ್ಪನ್ನೂ ಗೊತ್ತುಮಾಡಿದರು.

"ನಡೆದುಹೋಗುವ ಕಾಲೇಜಿನಲ್ಲಿ ಸೀಟಿಲ್ಲವಂತೆ, ಲಂಡನ್ನಿನಲ್ಲಿ ಉಂಟಂತೆ! ಇದೆಂತ ಲೆಕ್ಕ ಮಾರಾಯ್ತಿ?" ಎಂದು ಮಾವ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಗಂಭೀರವಾಗಿ, "ಅಲ್ಲಿ ಎಂತ ಓದ್ತಿ?" ಎಂದು ಕೇಳಿದರು.

"ಚರಿತ್ರೆ" ಎಂದೆ.

"ಸತ್ತವರ ಸುದ್ದಿ ನಮಗೆಂತಕ್ಕೆ? ಲಾ ಓದು. ನಮ್ಮ ಮನೆಯಲ್ಲೊಬ್ಬಳು ಬ್ಯಾರಿಸ್ಟರ್ ಆಗ್ಲಿ."

ಮಾವನಿಗೆ ಈ ಹಂಬಲ ಬರಲು ಕಾರಣವಿತ್ತು. ಹೋಟೆಲಿನ ಕಟ್ಟಡದ ಮಾಲೀಕರಾದ ನಟೇಶನ್, ಅದನ್ನು ಕೆಡವಿ ಆಫೀಸುಗಳಿಗೆ ಕಟ್ಟಡ ಎಬ್ಬಿಸಬೇಕೆಂದು ಮಾವನನ್ನು ಅಲ್ಲಿಂದ ಖಾಲಿ ಮಾಡಿಸಲು ಕೇಸು ಹಾಕಿದ್ದರು. ಹಾಕಿದವರು ಸುಮ್ಮನಿರದೆ ದಿನಾ ಬೆಳಿಗ್ಗೆ ಅಲ್ಲೇ ಬಂದು ಕಾಫಿ ಕುಡಿಯುತ್ತಿದ್ದರು. ಕೋರ್ಟಿಗೆ ಹೋಗುವ ದಿನ ಇಬ್ಬರೂ ಒಂದೇ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದರು. "ಕೇಸು ಕಟ್ಟಡದ್ದು, ಕಾಫಿಗೂ ಅದಕ್ಕೂ ಎಂತ ಸಂಬಂಧ?" ಎನ್ನುವುದು ಮಾವನ ವಾದ. ಅವರಿಗಿಂತ ಒಳ್ಳೆಯ ವಕೀಲರನ್ನು ನಾನು ಆಮೇಲೂ ನೋಡಲಿಲ್ಲ.

ನಾಲ್ಕು ವರ್ಷ ಓದಿದೆ. ಒಬ್ಬ ಜಮೀನುದಾರನ ಕುರಿಗಳು ಪಕ್ಕದವನ ಹುಲ್ಲುಗಾವಲಿನಲ್ಲಿ ಮೇಯಬಹುದೇ, ಚರ್ಚಿಗೆ ಹೋಗುವ ವಿಧವೆಗೆ ಇನ್ನೊಬ್ಬರ ಗದ್ದೆಬದುವಿನ ಮೇಲೆ ನಡೆಯುವ ಹಕ್ಕಿದೆಯೇ, ಎಲ್ಲವನ್ನೂ ಬಾಯಿಪಾಠ ಮಾಡಿದೆ. ಮದರಾಸಿನಲ್ಲಿ ಬಾಡಿಗೆ ಹೋಟೆಲು ಇಟ್ಟುಕೊಂಡವನ ಗತಿಯೇನೆಂದು ಮಾತ್ರ ಯಾರೂ ಕಲಿಸಲಿಲ್ಲ, ನನಗೂ ಕೇಳಬೇಕೆಂದು ತೋಚಲಿಲ್ಲ. ಊರಿಗೆ ಬರೆದಾಗಲೆಲ್ಲ ಚಳಿಯ ಬಗ್ಗೆ ಬರೆದೆ. ಮಾವ ಇಡ್ಲಿಯ ಬಗ್ಗೆ ಬರೆಯುತ್ತಿದ್ದರು. ಕೇಸಿನ ಮಾತು ಎರಡೂ ಕಡೆ ಇರಲಿಲ್ಲ. ಅದು ಯಾವತ್ತೋ ಮುಗಿದಿರಬೇಕು ಎಂದುಕೊಂಡಿದ್ದೆ.

ಮುಗಿದಿರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ನಾನು ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮಾವ ಮಲ್ಲಿಗೆ ಹಾರ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಅವರ ವಕೀಲರಾದ ವೃದ್ಧ ರಾಘವಾಚಾರಿಗಳು. ಕಾರಿನಲ್ಲಿ ಕೂತ ಕೂಡಲೇ ಮಾವ, "ಮುಂದಿನ ತಿಂಗಳು ವಾದಕ್ಕುಂಟು. ನೀನೇ ನಿಲ್ಬೇಕು" ಎಂದರು. ಮುಂದಿನ ಸೀಟಿನಲ್ಲಿದ್ದ ರಾಘವಾಚಾರಿಗಳು ಮೆಲ್ಲಗೆ ಕೆಮ್ಮಿದರು. ಆ ಕೆಮ್ಮಿನ ಅರ್ಥ ವಾರದೊಳಗೆ ಗೊತ್ತಾಯಿತು. ಹೊರದೇಶದಲ್ಲಿ ಓದಿದವಳು ಇಲ್ಲಿ ಕರಿ ಕೋಟು ಹಾಕಬೇಕಾದರೆ ಆ ಪದವಿಗೆ ಇಲ್ಲಿ ಒಪ್ಪಿಗೆ ಸಿಗಬೇಕು, ಹಿರಿಯರೊಬ್ಬರ ಕೈಕೆಳಗೆ ಕಲಿಯಬೇಕು, ಪರೀಕ್ಷೆಯನ್ನೂ ಬರೆಯಬೇಕಾಗಬಹುದು. ಬಾರ್ ಕೌನ್ಸಿಲ್ ಕಚೇರಿಯವರು ನನ್ನ ಕಾಗದಗಳನ್ನು ಹಿಂದೆಮುಂದೆ ತಿರುಗಿಸಿದಾಗ, ಮತ್ತೆಲ್ಲಿ ಮದುವೆ ಪತ್ರಿಕೆ ಎನ್ನುತ್ತಾರೋ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ವಾದದ ದಿನ ಸೀರೆಯುಟ್ಟು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತೆ. ನನಗೆ ಮಾತಾಡುವ ಹಕ್ಕಿಲ್ಲವೆಂದು ಮಾವನಿಗೆ ಎಷ್ಟು ಸಲ ಹೇಳಿದ್ದೆನೋ! ಆದರೂ ರಾಘವಾಚಾರಿಗಳು ತಡವರಿಸಿದಾಗಲೆಲ್ಲ ಮಾವ ಕತ್ತು ತಿರುಗಿಸಿ ನನ್ನನ್ನು ನೋಡುತ್ತಿದ್ದರು. ಏಳು, ಈಗ ಎದ್ದು ಹೇಳು ಎನ್ನುವಂತೆ. ಎದ್ದು ಹೇಳಲು ನನ್ನ ತಲೆಯಲ್ಲಿ ಇದ್ದದ್ದಾದರೂ ಏನು? ಕುರಿಗಳು. ನಾನು ಸೆರಗಿನ ತುದಿ ನೋಡುತ್ತ ಕೂತೆ. ತೀರ್ಪು ನಟೇಶನ್ ಕಡೆಗಾಯಿತು.

ಹೋಟೆಲು ಮುಚ್ಚುವ ದಿನ ನಟೇಶನ್ ಎಂದಿನಂತೆ ಬಂದರು. ಆ ಬೆಳಿಗ್ಗೆ ಕಾಫಿ ತಂದುಕೊಟ್ಟವಳು ನಾನು. ಲೋಟ ಎತ್ತದೆ ತಮಿಳಿನಲ್ಲಿ ಹೇಳಿದರು: "ಮುಂದಿನ ಅರ್ಧ ಭಾಗ ನಿನ್ನ ಹೋಟೆಲಿಗೇ ಇರಲಿ, ಹಿಂದಿನದು ಬಿಡು ಅಂತ ಎರಡು ವರ್ಷದ ಹಿಂದೆಯೇ ವಾಸುದೇವನ್‌ಗೆ ಹೇಳಿದೆನಮ್ಮಾ. ಅವನ ವಕೀಲರೂ ಒಪ್ಪು ಅಂದರು. 'ನನ್ನ ತಂಗಿ ಮಗಳು ಬರಲಿ' ಅಂತ ವಾಯ್ದೆಯ ಮೇಲೆ ವಾಯ್ದೆ ಕೇಳಿದ, ನಿಮ್ಮ ಮಾವ."

ಅಡುಗೆಮನೆಗೆ ಓಡಿದೆ. ಮಾವ ಇಡ್ಲಿ ಪಾತ್ರೆಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದರು.

"ಯಾಕೆ ಒಪ್ಪಲಿಲ್ಲ ಮಾವ? ನನಗೊಂದು ಮಾತು ಬರೀಬಾರದಿತ್ತಾ?"

"ಒಪ್ಪಿದ್ರೆ ಕೇಸು ಮುಗೀತಿತ್ತಲ್ಲ ಮಾರಾಯ್ತಿ." ಅವರು ತಲೆಯೆತ್ತಲಿಲ್ಲ. "ಅಷ್ಟು ದೂರ ಹೋಗಿ ಓದಿ ಬಂದವಳಿಗೆ ಮೊದ್ಲಿಗೆ ಕೇಸು ಯಾರು ಕೊಡ್ತಾರೆ? ಮನೆಯದ್ದೇ ಒಂದು ಇರ್ಲಿ ಅಂತ ಇಟ್ಟುಕೊಂಡಿದ್ದೆ."

ಊರಿಗೆ ಬರುವ ಮಕ್ಕಳಿಗೆಂದು ಚಕ್ಕುಲಿ ತೆಗೆದಿಡುವವರನ್ನು ನೋಡಿದ್ದೇನೆ. ಕೇಸು ತೆಗೆದಿಟ್ಟವರನ್ನು ಅವತ್ತೇ ನೋಡಿದ್ದು. ನಗಬೇಕೆನಿಸಿತು, ಆಗಲಿಲ್ಲ. ಗೋಣಿಯ ಇನ್ನೊಂದು ತುದಿ ಹಿಡಿದುಕೊಂಡೆ.

ಮಾವ ವಡಪಳನಿಯಲ್ಲಿ ಒಂದು ಸಣ್ಣ ಜಾಗ ಹಿಡಿದು, ಸಿನಿಮಾ ಸ್ಟುಡಿಯೋದವರಿಗೆ ತಿಂಡಿ ಕಳಿಸುವ ಕೆಲಸ ಶುರುಮಾಡಿದರು. ರಾಜರೂ ರಾಕ್ಷಸರೂ ಒಂದೇ ಬಕೆಟ್ಟಿನ ಸಾಂಬಾರು ತಿನ್ನುತ್ತಾರೆ ಎಂದು ನಗಿಸುತ್ತಿದ್ದರು. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಂದವರನ್ನು ಮಾತಾಡಿಸುವ ಸುಖ ಅಲ್ಲಿರಲಿಲ್ಲ. ಮಾವ ಸೊರಗಿದರು.

ಅಂತೂ ನನಗೆ ಕರಿ ಕೋಟು ಸಿಕ್ಕಿತು. ಮಾವ ಹೇಳಿದ್ದು ನಿಜ, ಕೇಸು ಕೊಡುವವರು ಯಾರೂ ಇರಲಿಲ್ಲ. ಕೊನೆಗೊಂದು ದಿನ ಬಾಗಿಲಲ್ಲಿ ಬಂದು ನಿಂತವರು ನಟೇಶನ್. ಹೊಸ ಕಟ್ಟಡದ ನೆಲಮಹಡಿಯಲ್ಲಿದ್ದ ಬಟ್ಟೆಯಂಗಡಿಯವನು ಖಾಲಿ ಮಾಡುತ್ತಿಲ್ಲವಂತೆ. "ವಾಸುದೇವನ್ ಕಳಿಸಿದ, ನಮ್ಮ ಹುಡುಗಿಯ ಹತ್ತಿರವೇ ಹೋಗು ಅಂದ" ಎಂದರು. ಬೇಡವೆನ್ನಲು ಬಾಯಿ ತೆರೆದೆ. ಕಳಿಸಿದವರು ಮಾವ, ಹೇಗೆ ಬೇಡವೆನ್ನಲಿ? ತೆಗೆದುಕೊಂಡೆ, ಹಗಲೂ ರಾತ್ರಿ ಓದಿದೆ, ವಾದಿಸಿದೆ, ಗೆದ್ದೆ.

ಸುದ್ದಿ ಹೇಳಲು ವಡಪಳನಿಗೆ ಹೋದಾಗ ಮಾವ ಕೇಸರಿಬಾತು ಮಾಡಿಸಿ ಎದುರು ಕೂತು ತಿನ್ನಿಸಿದರು. ಎಲ್ಲವನ್ನೂ ಕೇಳಿಸಿಕೊಂಡು ನನ್ನ ತಟ್ಟೆಗೆ ಇನ್ನೊಂದು ಚಮಚ ಬಡಿಸಿದರು.

"ಆ ಬಟ್ಟೆಯಂಗಡಿಯವನದ್ದು ಪಾಪ" ಎಂದರು ಆಮೇಲೆ. "ಅವನ ಮನೆಯಲ್ಲಿ ಓದಿದವರು ಯಾರೂ ಇರ್ಲಿಲ್ವಾ?"

ನನಗೆ ಎದುರು ಪಾರ್ಟಿಯ ಹೆಸರು, ಅಂಗಡಿಯ ಅಳತೆ, ಬಾಡಿಗೆ ಕರಾರಿನ ಒಂದೊಂದು ಷರತ್ತೂ ಬಾಯಿಪಾಠವಾಗಿತ್ತು. ಅವನ ಮನೆಯಲ್ಲಿ ಯಾರಿದ್ದಾರೆಂದು ಮಾತ್ರ ನಾನು ವಿಚಾರಿಸಿರಲಿಲ್ಲ.