ಜೀಪಿನ ವೈರಿಗೆ ವಿಭೂತಿ ಹಚ್ಚಿದ ಸೋಮವಾರ

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಇಂಜಿನ್ ಹೇಗೆ ಓಡುತ್ತದೆಂದು ರಾಯಚೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳಿದವನು. ಆ ಚಿತ್ರದ ಇಂಜಿನ್ ಒಂದು ದಿನವೂ ಕೆಟ್ಟಿರಲಿಲ್ಲ. ಹೀಗಾಗಿ ನನ್ನ ಹಳೆಯ ಪೆಟ್ರೋಲ್ ಜೀಪಿನ, ಕಿಡಿ ಹೊತ್ತಿಸುವ ನಾಲ್ಕು ಪ್ಲಗ್ ಬದಲಿಸುವುದು ನನಗೊಂದು ಕೆಲಸವೇ ಅಲ್ಲ ಎಂದು ತಿಳಿದಿದ್ದೆ. ಈಗಲೂ ಹಾಗೆಯೇ ತಿಳಿದಿದ್ದೇನೆ!

ಈ ಜೀಪು ಕಲ್ಲುಗುಡ್ಡ, ಕಾಲುವೆ ದಂಡೆ, ಕೆಸರುಗದ್ದೆ ಯಾವುದಕ್ಕೂ ಅಂಜುವುದಿಲ್ಲ. ಇತ್ತೀಚೆಗೆ ಮಾತ್ರ ಸಪಾಟು ರಸ್ತೆಯಲ್ಲಿ ಬಿಕ್ಕಳಿಸುತ್ತಿತ್ತು. ನನ್ನ ಹೆಂಡತಿ ಶಾಂತಾ ಇದೇ ಸಮಯ ನೋಡಿ ಮಾತು ತೆಗೆದಳು.

"ಮಾನ್ವಿ ಗಿರಣಿ ಸಾಹುಕಾರ್ರು ಎರಡು ಸರ್ತಿ ಕೇಳ್ಯಾರ. ಕೊಟ್ಟುಬಿಡ್ರಿ."

"ನನ್ನ ಜೀವ ಹೋದ್ರೂ ಕೊಡಂಗಿಲ್ಲ."

"ಆತು. ಸೋಮವಾರ ದೇವದುರ್ಗದಾಗ ನಿಮ್ಮ ತಂಗಿ ಮಗಳ ಏಳು ತಿಂಗಳ ಕುಬಸ ಅದ. ನೀವ ರಿಪೇರಿ ಮಾಡಿ, ಇದರಾಗ ನಮ್ಮನ್ನ ಮುಟ್ಟಸ್ರಿ, ಇಟಗೋರಿ. ಇಲ್ಲಾಂದ್ರ ಅಲ್ಲೇ ಸಾಹುಕಾರ್ರ ಕೈಯಾಗ ಕೀಲಿ ಕೊಡೂದು. ಅವ್ರೂ ಬರ್ತಾರ, ಬೀಗರ ಕಡಿಯವರು."

ಒಪ್ಪಿದೆ.

ನಮ್ಮ ಓಣಿಯಲ್ಲಿ ಎರಡು ಮನೆ ಆಚೆ ಮೌಲಾಸಾಬ್ ಎಂಬ ಮಿಸ್ತ್ರಿ ಇದ್ದಾರೆ. ಜೀಪಿನ ಸದ್ದು ಕೇಳಿ ತಾವಾಗಿಯೇ ಬಂದರು.

"ಮೂರನೇ ಪ್ಲಗ್ ಸತ್ತದ ಸರ್. ಅದೊಂದು ಬದಲಿ ಮಾಡಿದ್ರ ಸಾಕು."

"ಮೂರನೇದು ಅಂತ ಹ್ಯಾಂಗ ಗೊತ್ತಾತು?"

"ಕೇಳಸ್ತದಲ್ರಿ."

"ಕಿವಿಗೆ ಕೇಳಿಸಿದ್ದು ಪ್ರಮಾಣ ಅಲ್ಲ ಮೌಲಾಸಾಬ್."

ಅವರು ಕೈ ಒರೆಸಿಕೊಂಡರು. "ಹಾಂಗಾದ್ರ ನೀವೇ ನೋಡ್ರಿ ಸರ್."

ನೋಡಿದೆ. ಭಾನುವಾರ ಮಧ್ಯಾಹ್ನ ಬಾನೆಟ್ ತೆರೆದೆ. ನಾಲ್ಕು ಪ್ಲಗ್‌ಗೆ ನಾಲ್ಕು ಕರಿ ವೈರು. ಯಾವ ವೈರು ಯಾವ ಪ್ಲಗ್ಗಿಗೆ ಎಂಬುದು ತಪ್ಪಿದರೆ ಇಂಜಿನ್ ಚಾಲೂ ಆಗುವುದಿಲ್ಲ. ವೈರಿನ ಉದ್ದ ನೋಡಿಯಾದರೂ ಹೇಳಬಹುದಿತ್ತು, ಆದರೆ ಹೋದ ವರ್ಷ ನಾನೇ ನಾಲ್ಕನ್ನೂ ಒಂದೇ ಉದ್ದದವನ್ನು ತಂದು ಹಾಕಿಸಿದ್ದೆ. ನೆನಪಿಟ್ಟುಕೊಳ್ಳಬಹುದಿತ್ತಲ್ಲ ಎನ್ನಬೇಡಿ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಇದು ವಯಸ್ಸಿನ ದೋಷವಲ್ಲ, ಸಿದ್ಧಾಂತ! ಮೊಬೈಲಿನಲ್ಲಿ ಫೋಟೋ ತೆಗೆದೆ. ಅದರಲ್ಲಿ ಸ್ಪಷ್ಟವಾಗಿ ಕಂಡದ್ದು ನನ್ನ ಹೆಬ್ಬೆರಳು.

ಗುರುತು ಹಾಕಲು ಸೀಮೆಸುಣ್ಣ ಹುಡುಕಿದೆ. ಮೂವತ್ತು ವರ್ಷ ಪಾಠ ಮಾಡಿದವನ ಮನೆಯಲ್ಲಿ ಒಂದು ತುಂಡೂ ಸಿಗಲಿಲ್ಲ. ದೇವರ ಮಾಡದಲ್ಲಿ ವಿಭೂತಿ ಗಟ್ಟಿ ಇತ್ತು. ನೀರಿನಲ್ಲಿ ಅದ್ದಿ ತಿಕ್ಕಿದರೆ ಕರಿ ರಬ್ಬರಿನ ಮೇಲೆ ಎಷ್ಟು ಬೆಳ್ಳಗೆ ಕಾಣುತ್ತದೆ! ಮೊದಲ ವೈರಿಗೆ ಒಂದು ಪಟ್ಟಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ನಾಲ್ಕು. ವೈರು ಕಿತ್ತು, ಹಳೆ ಪ್ಲಗ್ ತೆಗೆದು, ಹೊಸವನ್ನು ಕೂಡಿಸುವಷ್ಟರಲ್ಲಿ ಸಂಜೆಯಾಯಿತು. ವೈರು ಬೆಳಿಗ್ಗೆ ಹಾಕಿದರಾಯಿತು, ಗುರುತು ಇದೆಯಲ್ಲ ಎಂದು ಒಳಗೆ ಹೋದೆ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಜೀಪಿನ ಮುಂದೆ ಊದಿನಕಡ್ಡಿ ಉರಿಯುತ್ತಿತ್ತು. ನನ್ನ ಅವ್ವ ಹೊರಗಿನಿಂದ ಒಳಗಿನವರೆಗೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ಯಾಟರಿಗೆ ಮೂರು ಪಟ್ಟಿ, ರೇಡಿಯೇಟರಿಗೆ ಮೂರು ಪಟ್ಟಿ, ನಾಲ್ಕೂ ವೈರಿಗೆ ಮೂರು ಮೂರು ಪಟ್ಟಿ ವಿಭೂತಿ ಎಳೆದಿದ್ದಳು.

"ಯವ್ವಾ, ಏನು ಮಾಡಿದಿ ಇದು?"

"ಶ್ರಾವಣ ಸೋಮವಾರ, ದಾರಿಗೆ ಹೊಂಟೀವಿ, ಪೂಜಿ ಮಾಡಬಾರದೇನು? ಅಲ್ಲೋ ಯಪ್ಪಾ, ಇಷ್ಟು ಓದೀದಿ, ವಿಭೂತಿ ಹಚ್ಚಾಕ ಬರಂಗಿಲ್ಲ ನಿನಗ! ಒಂದಕ್ಕ ಒಂದ ಪಟ್ಟಿ, ಇನ್ನೊಂದಕ್ಕ ಎರಡು. ಕಡೀದಕ್ಕ ನಾಕು! ನಾಕು ಪಟ್ಟಿ ಯಾವ ದೇವ್ರಿಗೆ ಹಚ್ತಾರೋ? ಎಲ್ಲಾ ಅಳಸಿ ಸರಿ ಮಾಡೀನಿ."

ಈಗ ನನ್ನ ನಾಲ್ಕೂ ವೈರುಗಳು ಮೂರನೆಯ ವೈರುಗಳೇ!

ಹೆದರಲಿಲ್ಲ. ನಾಲ್ಕು ವೈರು, ನಾಲ್ಕು ಪ್ಲಗ್ಗು. ಒಟ್ಟು ಇಪ್ಪತ್ನಾಲ್ಕು ಸಾಧ್ಯತೆ. ಅದರಲ್ಲಿ ಒಂದು ಸರಿ ಇರಲೇಬೇಕು. ಮೊಬೈಲಿನಲ್ಲಿ ಒಬ್ಬ ಒಂದು ಕ್ರಮ ಹೇಳಿದ, ಇನ್ನೊಬ್ಬ ಇನ್ನೊಂದು. ಇಬ್ಬರನ್ನೂ ಸಂಶಯಿಸಿ ಬದಿಗಿಟ್ಟೆ. ವೈರುಗಳಿಗೆ ಅ, ಆ, ಇ, ಈ ಎಂದು ಚೀಟಿ ಕಟ್ಟಿ, ಹಾಳೆಯಲ್ಲಿ ಒಂದೊಂದೇ ಜೋಡಣೆ ಬರೆದು, ಪರೀಕ್ಷೆ ಶುರು ಮಾಡಿದೆ.

ಮೊದಲನೆಯದಕ್ಕೆ ಇಂಜಿನ್ ಕೆಮ್ಮಿತು. ನಾಲ್ಕನೆಯದಕ್ಕೆ ಢಂ ಎಂದಿತು. ಏಳನೆಯದಕ್ಕೆ ಢಂ ಢಂ! ಪಕ್ಕದ ಮನೆಯ ಗಿರಿಜಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು.

"ಯಾರ ಮದಿವಿರಿ ಸರ್, ಪಟಾಕಿ ಹಾರಸಾಕತ್ತೀರಿ?"

ಹನ್ನೊಂದನೆಯದಕ್ಕೆ ಸೈಲೆನ್ಸರ್ ಎರಡು ತುಂಡಾಯಿತು. ಒಂದು ತುಂಡು ಉರುಳುತ್ತ ಗೇಟಿನವರೆಗೂ ಹೋಯಿತು. ಬೆಳಗಿನಿಂದ ನನ್ನ ಜೀಪು ಕ್ರಮಿಸಿದ ಒಟ್ಟು ದೂರ ಅದೇ.

ಆ ಸದ್ದಿಗೆ ನನ್ನ ಕೈಯಿಂದ ಪೆನ್ನು ಬಿತ್ತು. ಎತ್ತಿಕೊಂಡು ಹಾಳೆ ನೋಡಿದೆ. ಹನ್ನೊಂದನೆಯದನ್ನು ಬರೆದು ಪರೀಕ್ಷಿಸಿದೆನೋ, ಪರೀಕ್ಷಿಸಿ ಬರೆದೆನೋ? ಬರೆದ ಮೇಲೆ ಪರೀಕ್ಷಿಸುವುದು ನನ್ನ ಕ್ರಮವಾದರೆ, ಹನ್ನೆರಡನೆಯದು ಯಾಕೆ ಆಗಲೇ ಹಾಳೆಯಲ್ಲಿತ್ತು? ಹಾರಿದ್ದು ಹನ್ನೊಂದೋ ಹನ್ನೆರಡೋ? ಸಂಶಯವಿರುವಲ್ಲಿ ಪ್ರಯೋಗವನ್ನು ಪುನಃ ಮಾಡಬೇಕು. ಒಂದನೆಯದರಿಂದ ಶುರು ಮಾಡಿದೆ.

ಇಳಕಲ್ ಸೀರೆಯುಟ್ಟು, ಕೈಯಲ್ಲಿ ಉಡಿ ತುಂಬುವ ಸಾಮಾನಿನ ಚೀಲ ಹಿಡಿದು ಶಾಂತಾ ಬಾಗಿಲಿಗೆ ಬಂದಳು. ಜಗಳ ಮಾಡಲಿಲ್ಲ. ಅದೇ ಭಯಂಕರ.

"ಇನ್ನ ಅರ್ಧಾ ತಾಸಿಗೆ ದೇವದುರ್ಗದ ಬಸ್ ಅದ. ಕೀಲಿ ನನ್ನ ಕಡೆ ಕೊಡ್ರಿ."

ಜೀಪೋ, ಮರ್ಯಾದೆಯೋ? ಜೀಪು ಎಂದೆ. ಎರಡು ಮನೆ ಆಚೆ ನಡೆದೆ. ಸಹಾಯ ಕೇಳಲಿಕ್ಕಲ್ಲ. ನನ್ನ ಪ್ರಯೋಗಕ್ಕೆ ಸ್ವತಂತ್ರ ವೀಕ್ಷಕರೊಬ್ಬರು ಬೇಕಿದ್ದರು, ಅಷ್ಟೆ!

ಮೌಲಾಸಾಬ್ ಬಾನೆಟ್ಟಿನೊಳಗೆ ಬಗ್ಗಿ ನೋಡಿ ನಿಂತೇಬಿಟ್ಟರು. "ಅರೆ! ನಾಕೂ ವೈರು ಸ್ವಾಮಿಗಳಾಗ್ಯಾರಲ್ರಿ ಸರ್."

ಎಲ್ಲಕ್ಕಿಂತ ಮುಂದಿರುವ ಪ್ಲಗ್ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ, ನನಗೆ ಹ್ಯಾಂಡಲ್ ತಿರುಗಿಸಲು ಹೇಳಿದರು. ಒಳಗಿನ ಗಾಳಿ ಬೆರಳನ್ನು ನೂಕಿದ ಕ್ಷಣ "ನಿಂದರ್ರಿ" ಎಂದರು. ವೈರುಗಳ ಇನ್ನೊಂದು ತುದಿ ಸೇರುವ ಮುಚ್ಚಳ ತೆಗೆದು, ಒಳಗಿನ ಮುಳ್ಳು ಯಾವ ವೈರಿನತ್ತ ನಿಂತಿದೆಯೆಂದು ನೋಡಿ, ಪ್ಲಗ್ ಮರಳಿ ಕೂಡಿಸಿ, ಆ ವೈರಿನಿಂದ ಶುರು ಮಾಡಿ ಒಂದೊಂದಾಗಿ ಸಿಕ್ಕಿಸಿದರು. ಎರಡು ನಿಮಿಷ. ಕೀಲಿ ತಿರುಗಿಸಿದೆ. ಇಂಜಿನ್ ಒಂದೇ ಏಟಿಗೆ ಗರ್ಜಿಸಿತು.

"ಇದೇ ಸರಿ ಅನ್ನಾಕ ಪ್ರಮಾಣ ಏನು?" ಎಂದು ಕೂಗಿ ಕೇಳಿದೆ.

"ಓಡಾಕತ್ತದಲ್ರಿ ಸರ್!"

ಇರಲಿ. ಮೂರನೆಯ ಪ್ಲಗ್ಗೇ ಸತ್ತಿತ್ತೆಂಬ ಅವರ ಮಾತು ಮಾತ್ರ ಇಂದಿಗೂ ಸಾಬೀತಾಗಿಲ್ಲ. ಹಳೆಯ ನಾಲ್ಕನ್ನೂ ನಾನು ಒಂದೇ ಡಬ್ಬಿಯಲ್ಲಿ ಹಾಕಿ ಅಲುಗಾಡಿಸಿಬಿಟ್ಟಿದ್ದೆ!

ಅವ್ವ ಮುಂದೆ, ಶಾಂತಾ ಹಿಂದೆ. ಸೈಲೆನ್ಸರ್ ಇಲ್ಲದ ಜೀಪು ದೇವದುರ್ಗದ ದಾರಿಯುದ್ದಕ್ಕೂ ಎಮ್ಮೆಗಳನ್ನು ರಸ್ತೆಯಿಂದ ಇಳಿಸುತ್ತ ನಡೆಯಿತು. ಕುಬಸದ ಮನೆಯ ಮುಂದೆ ನಿಂತಾಗ ಒಳಗಿನ ಹಾಡು ನಿಂತಿತು. ಜನ ಹೊರಗೆ ಬಂದರು.

ನಾನು ಮೀಸೆ ಮೇಲೆ ಕೈಯಿಟ್ಟೆ. "ಮುಟ್ಟಿಸೀನಿ. ಜೀಪು ನಂದು."

"ಮುಟ್ಟಿಸಿದ್ದು ಮೌಲಾಸಾಬ್ ರಿಪೇರಿ," ಎಂದಳು ಶಾಂತಾ. "ನೀವ ಮಾಡಬೇಕಂತ ಮಾತಾಗಿತ್ತು."

"ಹಾಂಗ ಮಾತಾಗಿರಲಿಲ್ಲ!"

ಆಗಿತ್ತೇ? ಮೇಲೆ ಬರೆದಿದ್ದೇನೆ, ನೋಡಿ, ನಾನಂತೂ ನೋಡುವುದಿಲ್ಲ. ಅಷ್ಟರಲ್ಲಿ ಅವಳು ನನ್ನ ಕೈಯಿಂದ ಕೀಲಿ ಕಿತ್ತು ಮಾನ್ವಿಯ ಸಾಹುಕಾರರ ಮುಂದೆ ಹಿಡಿದಾಗಿತ್ತು.

ಸಾಹುಕಾರರು ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡ್ರಿ ತಂಗಿ. ನಮ್ಮ ಗಿರಣಿದ ಗದ್ದಲನ ನಮಗ ಸಾಕಾಗ್ಯದ. ಇದನ್ನ ತಂದು ನಿಲ್ಲಿಸಿದ್ರ ಹಮಾಲರು ಚೀಲ ಒಗದು ಓಡಿಹೋಗ್ತಾರ."

ಜೀಪು ಉಳಿಯಿತು! ಯಾರ ರಿಪೇರಿಯಿಂದ ಉಳಿಯಿತು? ನನ್ನದೇ! ಮೌಲಾಸಾಬ್ ಮೊದಲೇ ಕೈ ಹಾಕಿದ್ದರೆ ಅದು ಮೆತ್ತಗೆ ಓಡಿ ಆ ದಿನವೇ ಮಾನ್ವಿಗೆ ಹೋಗುತ್ತಿತ್ತು. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಈಗ ಬಾನೆಟ್ಟಿಗೆ ಶಾಂತಾ ಎರಡು ಬೀಗ ಹಾಕಿಸಿದ್ದಾಳೆ. ಒಂದರ ಕೀಲಿ ಅವಳ ಹತ್ತಿರ, ಇನ್ನೊಂದರದು ಮೌಲಾಸಾಬರ ಹತ್ತಿರ. ಜೀಪಿನ ಸಂಪೂರ್ಣ ಮಾಲೀಕ ನಾನೇ. ಹೊರಗಿನಿಂದ ಒರೆಸಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ!